ಬೆಂಗಳೂರು ಬಿಟ್ಟು ಮೈಸೂರಿಗೆ ಹೋಗಬೇಕೆ? ಮನೆ ಖಾಲಿ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಬೆಂಗಳೂರಿನಲ್ಲಿ 28 ಸಾವಿರ ಬಾಡಿಗೆ ಕೊಡುವಂಥ ಮನೆ ಮೈಸೂರಿನಲ್ಲಿ 15 ಸಾವಿರಕ್ಕೆ ಸಿಗುತ್ತದೆ ಎಂದು ಯಾರೋ ಹೇಳುತ್ತಾರೆ. ತಿಂಗಳಿಗೆ 13 ಸಾವಿರ ಉಳಿತಾಯ, ವರ್ಷಕ್ಕೆ ಒಂದೂವರೆ ಲಕ್ಷ! ಮೇಲೆ ಒಳ್ಳೆಯ ಗಾಳಿ, ಅಗಲವಾದ ರಸ್ತೆ, ಸಂಜೆ ಕುಕ್ಕರಹಳ್ಳಿ ಕೆರೆ ದಂಡೆಯ ವಾಕಿಂಗ್. ಅಂದು ರಾತ್ರಿಯೇ ಮನೆಯಲ್ಲಿ ಮಾತು ಶುರುವಾಗುತ್ತದೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬಾಡಿಗೆಯಿಂದ ಲೆಕ್ಕ ಶುರು ಮಾಡಿದವರು ಎರಡು ವರ್ಷದೊಳಗೆ ಮತ್ತೆ ಲಾರಿ ಕರೆಸುವುದೇ ಹೆಚ್ಚು. ಬಾಡಿಗೆಯನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು ಎರಡನೇ ಕೆಲಸ.

ಎರಡನೇ ಕೆಲಸ ಎಲ್ಲಿದೆ?

ಈಗಿರುವ ಕೆಲಸ ಇಟ್ಟುಕೊಂಡು ಹೋಗುತ್ತೀರೋ ಅಲ್ಲೇ ಹೊಸ ಕೆಲಸ ಹಿಡಿಯುತ್ತೀರೋ, ಪ್ರಶ್ನೆ ಒಂದೇ: ಈ ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದೆಯೇ? ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿಕೊಳ್ಳುವ ಅಗತ್ಯವೇ ಬರುವುದಿಲ್ಲ. ಆ ನಿಶ್ಚಿಂತೆಗೂ ಸೇರಿಸಿಯೇ ನಾವು ಅಲ್ಲಿ ಹೆಚ್ಚು ಬಾಡಿಗೆ ಕೊಡುತ್ತಿರುತ್ತೇವೆ.

ಇದನ್ನು ಅಂದಾಜಿನಲ್ಲಿ ಬಿಡಬೇಡಿ. ಉದ್ಯೋಗದ ಆ್ಯಪುಗಳಲ್ಲಿ ನಿಮ್ಮ ಹುದ್ದೆ, ನಿಮ್ಮ ಅನುಭವದ ವರ್ಷ, ಊರು ಮೈಸೂರು ಎಂದು ಹಾಕಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಹುಡುಕಿ. ಎಷ್ಟು ಹುದ್ದೆ ಎಂದು ಎಣಿಸುವುದಕ್ಕಿಂತ ಎಷ್ಟು ಬೇರೆ ಬೇರೆ ಕಂಪನಿ ಎಂದು ಬರೆದಿಡಿ. ಒಂದೇ ಕಂಪನಿ ಹತ್ತು ಸಲ ಜಾಹೀರಾತು ಹಾಕಿದರೂ ಅದು ಒಂದೇ. ನಾಲ್ಕು ವಾರದಲ್ಲಿ ಐದು ಕಂಪನಿಯೂ ಸಿಗದಿದ್ದರೆ ನೀವು ಹೋಗುವುದು ಊರಿಗಲ್ಲ, ಒಂದು ಕಂಪನಿಗೆ ಎಂದೇ ತಿಳಿಯಬೇಕು. ಹಾಗೆ ಹೋಗಲೇಬಾರದೆಂದಲ್ಲ. ಹೋಗುವುದಾದರೆ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇರಲೇಬೇಕು. ಐದಾರು ಕಂಪನಿ ಇದ್ದರೆ ಮೂರು ತಿಂಗಳದ್ದು ಸಾಕಾದೀತು.

ಕೆಲಸದ ಬಗೆಯ ಮೇಲೆ ಊರು ಬದಲಾಗುತ್ತದೆ. ಸಾಫ್ಟ್‌ವೇರಿನವರಿಗೆ ಮೈಸೂರು, ಮಂಗಳೂರು, ಹುಬ್ಬಳ್ಳಿ ಮೂರರಲ್ಲೂ ಇನ್ಫೋಸಿಸ್ ಕ್ಯಾಂಪಸ್ ಇದೆ. ಸರ್ಕಾರದ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮವೂ ಮೈಸೂರು, ಮಂಗಳೂರು–ಉಡುಪಿ, ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಭಾಗಗಳನ್ನೇ ಮುಂದಿಟ್ಟುಕೊಂಡಿದೆ. ಕಾರ್ಖಾನೆಯ ಕೆಲಸದವರಿಗೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ ಆಯ್ಕೆ ಇದೆ. ಬ್ಯಾಂಕ್, ಆಸ್ಪತ್ರೆ, ಶಾಲೆ, ಕಾಲೇಜಿನವರಿಗೆ ಮಂಗಳೂರು ಒಳ್ಳೆಯ ಊರು. ಸ್ಟಾರ್ಟಪ್, ಜಾಹೀರಾತು, ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನವರಿಗೆ ಮಾತ್ರ ಬೆಂಗಳೂರಿಗೆ ಸಮನಾದದ್ದು ರಾಜ್ಯದಲ್ಲಿ ಬೇರೊಂದಿಲ್ಲ.

ಇದೇ ಹುಡುಕಾಟವನ್ನು ಗಂಡನಿಗೂ ಹೆಂಡತಿಗೂ ಬೇರೆ ಬೇರೆಯಾಗಿ ಮಾಡಿ. ಒಬ್ಬರ ಕೆಲಸ ನೋಡಿ ಹೋಗಿ, 'ಇನ್ನೊಬ್ಬರಿಗೆ ಅಲ್ಲಿ ಏನಾದರೂ ಸಿಗುತ್ತೆ ಬಿಡು' ಎನ್ನುವ ಮನೆಗಳಲ್ಲಿ ಒಂದು ಸಂಬಳವೇ ನಿಂತುಹೋಗುತ್ತದೆ. 13 ಸಾವಿರ ಉಳಿಸಲು ಹೋಗಿ 40 ಸಾವಿರ ಕಳೆದುಕೊಂಡಂತಾಗುತ್ತದೆ. ಕೆಲಸ ಬಿಟ್ಟ ಆ ಒಬ್ಬರ ಮನಸ್ಸಿಗೆ ಆಗುವ ನೋವಂತೂ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ವಾರಕ್ಕೆ ಎಷ್ಟು ದಿನ ಆಫೀಸು?

ಬೆಂಗಳೂರಿನ ಕೆಲಸ ಉಳಿಸಿಕೊಂಡು ಮೈಸೂರಿನಲ್ಲಿ ಇರುತ್ತೇವೆ ಎನ್ನುವವರ ಹಣೆಬರಹವನ್ನು ಈ ಸಂಖ್ಯೆಯೇ ಬರೆಯುತ್ತದೆ. ಗಂಟೆಗಳ ಲೆಕ್ಕ ಹೀಗೆ ಹಾಕಿ.

ಮೈಸೂರಿನ ಮನೆಯಿಂದ ರೈಲು ನಿಲ್ದಾಣಕ್ಕೆ, ಗಾಡಿ ನಿಲ್ಲಿಸಿ ಪ್ಲಾಟ್‌ಫಾರಂ ಸೇರುವುದಕ್ಕೆ ಮುಕ್ಕಾಲು ಗಂಟೆ. ರೈಲಿನಲ್ಲಿ ಎರಡೂವರೆ ಗಂಟೆ. ಮೆಜೆಸ್ಟಿಕ್‌ನಿಂದ ಆಫೀಸಿಗೆ ಒಂದು ಗಂಟೆ. ಒಟ್ಟು ನಾಲ್ಕೂಕಾಲು, ಹೋಗಿಬರಲು ಎಂಟೂವರೆ ಗಂಟೆ. ವಾರಕ್ಕೆ ಎರಡು ದಿನ ಹೀಗೆ ಓಡಾಡಿದರೆ 17 ಗಂಟೆ. ಬೆಂಗಳೂರಿನಲ್ಲೇ ಇದ್ದು, ಒಂದೊಂದು ಕಡೆಗೆ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ವಾರಕ್ಕೆ ಐದು ದಿನ ಹೋದರೂ ಆಗುವುದು 15 ಗಂಟೆ! ಟ್ರಾಫಿಕ್ ಬೇಡವೆಂದು ಹೋದವರು ಇನ್ನೂ ಎರಡು ಗಂಟೆ ಹೆಚ್ಚು ರಸ್ತೆಯಲ್ಲೋ ಹಳಿಯ ಮೇಲೋ ಕಳೆಯುತ್ತಾರೆ.

ಇದಕ್ಕೆ ದಾರಿ ಇದೆ. ಎರಡು ದಿನ ಆಫೀಸಿಗೆ ಬರಲೇಬೇಕಾದರೆ ಅವು ಒಂದರ ಹಿಂದೊಂದು ಇರುವಂತೆ ಕೇಳಿಕೊಳ್ಳಿ. ಮಂಗಳವಾರ ಹೋಗಿ, ರಾತ್ರಿ ಅಲ್ಲೇ ಉಳಿದು, ಬುಧವಾರ ಸಂಜೆ ಹೊರಟರೆ ವಾರದ ಪ್ರಯಾಣ, ಉಳಿದ ಜಾಗಕ್ಕೂ ಆಫೀಸಿಗೂ ನಡುವಿನ ಒಂದು ಗಂಟೆಯ ಓಡಾಟ ಸೇರಿಯೂ, ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಸೋಮವಾರವೊಂದು, ಗುರುವಾರವೊಂದು ಎಂದು ಹಂಚಿದರೆ ಆರು ತಿಂಗಳಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಮೂರು ದಿನ ಅಥವಾ ಹೆಚ್ಚು ಆಫೀಸಿದ್ದರೆ ಮೈಸೂರಿನ ಆಲೋಚನೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ತಿಂಗಳಿಗೆ ಎರಡು ಮೂರು ದಿನ ಮಾತ್ರ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಓಡಾಟದ ಸಾಧನದ ಬಗ್ಗೆ ಕೆಲವು ಖಚಿತ ಸಂಗತಿ. ರೈಲ್ವೆ ತಿಂಗಳ ಪಾಸನ್ನು 150 ಕಿ.ಮೀ. ವರೆಗೆ ಮಾತ್ರ ಕೊಡುತ್ತದೆ. ಮೈಸೂರು–ಬೆಂಗಳೂರು ಹಳಿಯ ದೂರ ಸುಮಾರು 139 ಕಿ.ಮೀ., ಹಾಗಾಗಿ ಪಾಸು ಸಿಗುತ್ತದೆ. ಆದರೆ ಅದು ಕಾಯ್ದಿರಿಸದ ಬೋಗಿಗೆ ಮಾತ್ರ. ಸೂಪರ್‌ಫಾಸ್ಟ್ ರೈಲಿಗೆ ಹೆಚ್ಚುವರಿ ಶುಲ್ಕ ಕಟ್ಟಬೇಕು, ಶತಾಬ್ದಿ ಮತ್ತು ವಂದೇ ಭಾರತ್‌ಗೆ ಪಾಸು ನಡೆಯುವುದಿಲ್ಲ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ದಿನವೂ ಓಡಾಡುವವರ ರೈಲು. ಅದರಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಬೇಡಿ, ಕೂರಲು ಜಾಗ ಸಿಕ್ಕರೆ ಅದೇ ದೊಡ್ಡದು.

ಆಫೀಸು ವೈಟ್‌ಫೀಲ್ಡ್ ಕಡೆಗಿದ್ದರೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ನೇರವಾಗಿ ಒಯ್ಯುತ್ತದೆ. ಎಲೆಕ್ಟ್ರಾನಿಕ್ ಸಿಟಿಗಾದರೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ಮಾನ್ಯತಾ ಟೆಕ್ ಪಾರ್ಕ್ ಕಡೆಗಿದ್ದರೆ ಮೇಲಿನ ಲೆಕ್ಕಕ್ಕೆ ಇನ್ನೂ ಅರ್ಧ ಗಂಟೆ ಸೇರಿಸಿ. ಸಂಜೆಯ ಮೀಟಿಂಗ್ ಎಳೆದು ರೈಲು ತಪ್ಪಿದರೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಕೆ.ಎಸ್.ಆರ್.ಟಿ.ಸಿ. ಬಸ್ಸು ತಡರಾತ್ರಿಯವರೆಗೂ ಇರುತ್ತದೆ.

ಕಾರಿನಲ್ಲಿ ಹೋಗಿಬರುತ್ತೇವೆ ಎನ್ನುವವರೂ ಇದ್ದಾರೆ, 2023ರಲ್ಲಿ ಹತ್ತು ಪಥದ ಹೆದ್ದಾರಿ ಆದಮೇಲಂತೂ. ಹೆದ್ದಾರಿ ಎರಡು ಊರಿನ ಅಂಚಿನಿಂದ ಅಂಚಿಗೆ ಮಾತ್ರ ವೇಗ; ಕೆಂಗೇರಿಯಿಂದ ಒಳಗೆ ಹಳೆಯ ಕಥೆಯೇ. ಊರೊಳಗಿನ ಓಡಾಟ ಸೇರಿ ಒಂದು ಸಲಕ್ಕೆ 280 ಕಿ.ಮೀ. ಹಿಡಿಯಿರಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಸುಮಾರು 19 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದರೂ 1,900. ತಿಂಗಳಿಗೆ ಎಂಟು ಸಲ ಹೋದರೆ 15,200. ಬಾಡಿಗೆಯಲ್ಲಿ ಉಳಿಸಿದ 13 ಸಾವಿರ ಪೆಟ್ರೋಲಿಗೇ ಸಾಲದು, ಟೋಲ್ ಬೇರೆ. ಬೈಕಿನವರಿಗೆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ, 2023ರ ಆಗಸ್ಟ್‌ನಿಂದ ಸರ್ವಿಸ್ ರಸ್ತೆಯೇ ಗತಿ.

ಇನ್ನು ಅನುಮತಿಯ ವಿಷಯ. 'ನೀನು ಎಲ್ಲಿಂದಾದರೂ ಕೆಲಸ ಮಾಡು, ನಾನಿದ್ದೀನಿ' ಎಂದು ಮ್ಯಾನೇಜರ್ ಹೇಳಿದ್ದು ಆ ಮ್ಯಾನೇಜರ್ ಇರುವವರೆಗೆ ಮಾತ್ರ. ಎಚ್.ಆರ್. ಕಡೆಯಿಂದ ಇಮೇಲಿನಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಕೆಲಸದ ಸ್ಥಳ ಯಾವುದೆಂದು ದಾಖಲಾಗುತ್ತದೆ, ತಿಂಗಳಿಗೆ ಎಷ್ಟು ದಿನ ಆಫೀಸಿಗೆ ಬರಬೇಕು, ವಾಪಸ್ ಕರೆಯುವುದಾದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ. ಸ್ಥಳ ಬದಲಾದರೆ ಸಂಬಳ ಬದಲಾಗುತ್ತದೆಯೇ ಎಂದೂ ಕೇಳಿ. ಕೆಲವು ಕಂಪನಿಗಳಲ್ಲಿ ಊರಿಗೆ ತಕ್ಕ ಸಂಬಳ ಇರುತ್ತದೆ. ಬರೆದುಕೊಡಲು ಹಿಂಜರಿದರೆ ಅದೇ ಉತ್ತರ ಎಂದು ತಿಳಿಯಿರಿ.

ಕೆಲಸವನ್ನೇ ಬದಲಿಸುವುದಾದರೆ ಈಗಿನ ಕಂಪನಿಯಲ್ಲಿ ಎಷ್ಟು ವರ್ಷವಾಯಿತು ಎಂದು ನೋಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷ ತುಂಬಿದ ಮೇಲೆ. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಟ್ಟು ಅದನ್ನು ಕೈಬಿಡುವವರು ಬಹಳ. ಪಿ.ಎಫ್. ಹಣವನ್ನು ತೆಗೆಯದೆ ಅದೇ ಯು.ಎ.ಎನ್. (ಪಿ.ಎಫ್. ಖಾತೆಯ ಕಾಯಂ ಸಂಖ್ಯೆ) ಮೇಲೆ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ.

ಈಗ ಹಣದ ಲೆಕ್ಕ

ಒಂದೇ ಸಲ ಆಗುವ ಖರ್ಚು, ತಿಂಗಳ ಉಳಿತಾಯ, ಇವೆರಡೇ ಸಾಲು ಸಾಕು. ಇಲ್ಲಿ ಹಾಕಿರುವುದು ಉದಾಹರಣೆಯ ಸಂಖ್ಯೆಗಳು, ನಿಮ್ಮವನ್ನು ಹಾಕಿಕೊಳ್ಳಿ.

ಎರಡು ಬೆಡ್‌ರೂಮಿನ ಮನೆಯ ಸಾಮಾನಿಗೆ ಲಾರಿ, ಪ್ಯಾಕಿಂಗ್, ಕೂಲಿ 22,000. ಬೆಂಗಳೂರಿನ ಓನರ್ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆ 28,000. ಎರಡೂ ಮನೆಗೆ ಹದಿನೈದು ದಿನ ಬಾಡಿಗೆ ಕಟ್ಟುವುದರಿಂದ 7,500. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ 15,000. ಮಗುವಿನ ಹೊಸ ಶಾಲೆಯ ಪ್ರವೇಶ ಶುಲ್ಕ, ಯೂನಿಫಾರಂ, ಪುಸ್ತಕ ಸೇರಿ 40,000. ಪರದೆ, ಸೊಳ್ಳೆ ಜಾಲರಿ, ಗೀಸರ್, ಎ.ಸಿ. ಬಿಚ್ಚಿ ಹಾಕಿಸುವುದು ಇತ್ಯಾದಿ 10,000. ಒಟ್ಟು 1,22,500.

ತಿಂಗಳ ಉಳಿತಾಯ ಬಾಡಿಗೆಯಲ್ಲಿ 13,000. ಇದರಲ್ಲಿ ವಾರಕ್ಕೊಂದು ರಾತ್ರಿ ಬೆಂಗಳೂರಿನಲ್ಲಿ ಉಳಿಯಲು 1,200ರಂತೆ 4,800 ಕಳೆಯಿರಿ. ಮೊದಲೂ ಆಫೀಸಿಗೆ ಹೋಗುವ ಖರ್ಚು ಇತ್ತು, ಈಗ ಅದಕ್ಕಿಂತ ಹೆಚ್ಚಾಗುವುದು 2,000 ಎಂದುಕೊಳ್ಳಿ. ಉಳಿಯುವುದು 6,200. ಒಂದೂಕಾಲು ಲಕ್ಷದ ಹತ್ತಿರದ ಖರ್ಚು ಹುಟ್ಟಲು 20 ತಿಂಗಳು ಬೇಕು. ಅಷ್ಟರೊಳಗೆ ವಾಪಸ್ ಬಂದರೆ ಇನ್ನೊಮ್ಮೆ ಅಷ್ಟೇ ಖರ್ಚು. ಹೀಗೆ ಬರುವ ಸಂಖ್ಯೆ 24 ತಿಂಗಳು ದಾಟಿದರೆ ಹಣ ಉಳಿಸಲು ಹೋಗುತ್ತಿದ್ದೇವೆ ಎಂಬ ಮಾತನ್ನೇ ಬಿಟ್ಟುಬಿಡಿ. ತಂದೆತಾಯಿ ಹತ್ತಿರ ಇರಬೇಕು, ಮಗುವಿಗೆ ಆಡಲು ಬಯಲು ಬೇಕು ಎನ್ನುವುದು ಒಳ್ಳೆಯ ಕಾರಣವೇ. ಆದರೆ ಕಾರಣ ಯಾವುದು ಎಂದು ಮನೆಯವರಿಗೆಲ್ಲ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಮೊದಲ ವರ್ಷದ ಖರ್ಚು ಕಂಡಾಗ ಜಗಳ ಶುರುವಾಗುತ್ತದೆ.

ಬೆಂಗಳೂರಿನಲ್ಲಿ ಇಲ್ಲದಿದ್ದ ಖರ್ಚೂ ಕೆಲವು ಬರುತ್ತವೆ. ಮೈಸೂರಿನಲ್ಲಿ ಮೆಟ್ರೋ ಇಲ್ಲ, ಹೊರಬಡಾವಣೆಗಳಿಗೆ ಸಂಜೆಯ ನಂತರ ಸಿಟಿ ಬಸ್ಸು ವಿರಳ. ಮನೆಗೆ ಎರಡನೇ ಸ್ಕೂಟರ್ ಬೇಕಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್.ಆರ್.ಎ. ವಿನಾಯಿತಿ ಪಡೆಯುತ್ತಿದ್ದರೆ ಬಾಡಿಗೆ ಇಳಿದಂತೆ ವಿನಾಯಿತಿಯೂ ಇಳಿಯುತ್ತದೆ. ಹೊಸ ಪದ್ಧತಿಯವರಿಗೆ ಆ ವಿನಾಯಿತಿಯೇ ಇಲ್ಲ, ವ್ಯತ್ಯಾಸವೂ ಇಲ್ಲ.

ಒಂದು ವಾರ ಇದ್ದು ನೋಡುವುದು

ಶನಿವಾರ ಭಾನುವಾರ ಹೋಗಿಬಂದರೆ ಪ್ರವಾಸಿಯ ಊರು ಕಾಣುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಹೋಗಿ, ರಜೆ ಹಾಕದೆ ಅಲ್ಲಿಂದಲೇ ಕೆಲಸ ಮಾಡಿ. ಉಳಿಯುವುದು ಹೋಟೆಲಿನಲ್ಲಿ ಬೇಡ, ಮನೆ ಮಾಡಬೇಕೆಂದಿರುವ ಬಡಾವಣೆಯಲ್ಲೇ ಆಗಬೇಕು. ಆ ವಾರದಲ್ಲಿ ಒಂದು ದಿನ ಬೆಂಗಳೂರಿನ ಆಫೀಸಿಗೆ ನಿಜವಾಗಿಯೂ ಹೋಗಿಬನ್ನಿ. ರಾತ್ರಿ ಒಂಬತ್ತಕ್ಕೆ ಮಗುವಿಗೆ ಜ್ವರ ಬಂದರೆ ಯಾವ ಆಸ್ಪತ್ರೆ ತೆರೆದಿರುತ್ತದೆ ಎಂದು ಹೋಗಿ ನೋಡಿ. ಮನೆಯಲ್ಲಿ ಹೃದಯದ ಕಾಯಿಲೆಯವರಿದ್ದರೆ ಮೈಸೂರಿನಲ್ಲಿ ಜಯದೇವ ಆಸ್ಪತ್ರೆಯ ಶಾಖೆಯೇ ಇದೆ. ಕಿದ್ವಾಯಿ, ನಿಮ್ಹಾನ್ಸ್‌ನಲ್ಲಿ ನಿಯಮಿತವಾಗಿ ತೋರಿಸುವವರಾದರೆ ಪ್ರತಿ ಭೇಟಿಯ ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಊರನ್ನು ಅದರ ಕೆಟ್ಟ ಕಾಲದಲ್ಲಿ ನೋಡಬೇಕು. ಮೈಸೂರನ್ನು ದಸರೆಯ ಹತ್ತು ದಿನಗಳಲ್ಲಿ, ಮಂಗಳೂರನ್ನು ಜುಲೈನಲ್ಲಿ, ಕಲಬುರಗಿಯನ್ನು ಮೇ ತಿಂಗಳ ಮಧ್ಯಾಹ್ನದಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ದಾರಿ ಬದಲಾಗುತ್ತದೆ. ಹಾಗೆಂದು ಬೇಸಿಗೆಯಲ್ಲಿ ಅಲ್ಲಿ ನೀರು ಧಾರಾಳ ಎಂದುಕೊಳ್ಳುವಂತಿಲ್ಲ. ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಇಳಿದು 2019ರಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಹುಬ್ಬಳ್ಳಿ–ಧಾರವಾಡದಲ್ಲಿ ದಿನದ 24 ಗಂಟೆ ನೀರು ಬರುವ ವಾರ್ಡುಗಳೂ ಇವೆ, ಹಲವು ದಿನಕ್ಕೊಮ್ಮೆ ಬರುವ ವಾರ್ಡುಗಳೂ ಇವೆ. ಒಂದೇ ರಸ್ತೆಯ ಆಚೀಚೆ ವ್ಯತ್ಯಾಸ ಇರಬಹುದು. ಅಲ್ಲಿ ಮನೆ ನೋಡುವಾಗ ಮೊದಲ ಪ್ರಶ್ನೆ ಸಂಪು ಎಷ್ಟು ಸಾವಿರ ಲೀಟರಿನದು ಎಂಬುದು.

ಮೈಸೂರಿನಲ್ಲಿ ಮನೆ ಹಿಡಿಯುವಾಗ

ರೈಲಿನವರು ಯಾದವಗಿರಿ, ವಾಣಿವಿಲಾಸ ಮೊಹಲ್ಲಾ, ಸರಸ್ವತಿಪುರಂ ನೋಡಲಿ. ಬಾಡಿಗೆ ಎರಡು ಸಾವಿರ ಹೆಚ್ಚಾದರೂ ನಿಲ್ದಾಣ ಹತ್ತು ಹದಿನೈದು ನಿಮಿಷ. ಹೆಬ್ಬಾಳ, ಹೂಟಗಳ್ಳಿಯಲ್ಲಿ ಕೆಲಸವಿದ್ದರೆ ವಿಜಯನಗರ ಅನುಕೂಲ. ಹೊರವರ್ತುಲ ರಸ್ತೆಯಾಚೆಯ ಖಾಸಗಿ ಬಡಾವಣೆಯಲ್ಲಿ ಹೊಸ ಮನೆ ಅಗ್ಗಕ್ಕೆ ಸಿಗುತ್ತದೆ, ಆದರೆ ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿರದಿದ್ದರೆ ಬೀದಿದೀಪ, ಒಳಚರಂಡಿ, ಕಸ ಎಲ್ಲಕ್ಕೂ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ನಲ್ಲಿಯಲ್ಲಿ ಕಾವೇರಿ, ಕಬಿನಿ ನೀರು ಬರುತ್ತದೆಯೋ ಬರೀ ಬೋರ್‌ವೆಲ್ಲೋ ಎಂದು ಓನರನ್ನು ಕೇಳದೆ ಪಕ್ಕದ ಮನೆಯವರನ್ನು ಕೇಳಿ.

ಮನೆಯಿಂದಲೇ ಕೆಲಸ ಮಾಡುವವರು ಮನೆ ನೋಡಲು ಸಂಜೆ ಏಳರಿಂದ ಒಂಬತ್ತರ ನಡುವೆ ಹೋಗಿ, ಕೆಲಸದ ಕೋಣೆಯಲ್ಲೇ ನಿಂತು ಒಂದು ವಿಡಿಯೋ ಕಾಲ್ ಮಾಡಿ. ಆ ಬೀದಿಗೆ ಕನಿಷ್ಠ ಎರಡು ಕಂಪನಿಯ ಫೈಬರ್ ಬಂದಿರಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್ 25, ರೂಟರ್ 12, ಫ್ಯಾನ್ 70 ಸೇರಿ ಸುಮಾರು 170 ವ್ಯಾಟ್ ಬೇಕು. 150 ಎ.ಎಚ್. ಬ್ಯಾಟರಿಯ ಯು.ಪಿ.ಎಸ್. ಇದನ್ನು ಐದಾರು ಗಂಟೆ ನಡೆಸುತ್ತದೆ. ನಿರ್ವಹಣೆಗೆಂದು ಹಗಲಿಡೀ ಕರೆಂಟ್ ತೆಗೆಯುವ ದಿನಕ್ಕೂ ಬಹುಮಟ್ಟಿಗೆ ಸಾಲುತ್ತದೆ.

ಮೊದಲ ವರ್ಷ ಸೈಟು, ಮನೆ ಕೊಳ್ಳಬೇಡಿ. ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೂ ಹಾಕಿಕೊಳ್ಳಬೇಡಿ. ಓನರ್ ಮನೆಯ ಮೇಲೆ ಬ್ಯಾಂಕ್ ಸಾಲ ಕಟ್ಟದೆ ಬಿಟ್ಟಿದ್ದರೆ ನಿಮ್ಮ ಹಣ ಸಿಕ್ಕಿಬೀಳುತ್ತದೆ. 11 ತಿಂಗಳ ಬಾಡಿಗೆ ಅಗ್ರಿಮೆಂಟ್ ಸಾಕು. ಅದರಲ್ಲಿ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಒಂದು ತಿಂಗಳೋ ಎರಡೋ ಎಂಬುದನ್ನು ಅಂಕಿಯಲ್ಲೇ ಬರೆಸಿ.

ಮಕ್ಕಳಿದ್ದರೆ

ಒಂಬತ್ತನೇ ತರಗತಿಗೆ ಬಂದ ಮಗುವನ್ನು ಅಲುಗಾಡಿಸದಿರುವುದೇ ಲೇಸು. ಸಿ.ಬಿ.ಎಸ್‌.ಇ.ಯಲ್ಲಿ ಹತ್ತರ ಪರೀಕ್ಷೆಗೆ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ಹತ್ತರಲ್ಲಿ ಶಾಲೆ ಬದಲಿಸಲು ಮಂಡಳಿಯ ಅನುಮತಿ ಬೇಕು. ಪಿ.ಯು. ಮಧ್ಯದಲ್ಲಿ ಕಾಲೇಜು ಬದಲಿಸುವುದೂ ಅಷ್ಟೇ ಕಷ್ಟ. ಚಿಕ್ಕ ಮಕ್ಕಳಾದರೆ ಏಪ್ರಿಲ್–ಮೇ ತಿಂಗಳಲ್ಲಿ ಹೋಗುವಂತೆ ನೋಡಿಕೊಳ್ಳಿ, ಸೀಟಿನ ವಿಚಾರಣೆ ಮಾತ್ರ ಡಿಸೆಂಬರಿನಿಂದಲೇ ಶುರುವಾಗಲಿ. ಟಿ.ಸಿ. ಜೊತೆಗೆ ಸ್ಯಾಟ್ಸ್ (ಶಾಲಾ ಮಕ್ಕಳ ವಿವರ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಸಂಖ್ಯೆಯನ್ನೂ ಕೇಳಿ ಪಡೆದುಕೊಳ್ಳಿ. ಹಳೆಯ ಶಾಲೆ ಅದರಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ದಾಖಲೆಗೆ ಸೇರಿಸಲು ಆಗುವುದಿಲ್ಲ.

ಯಾವುದರ ಹಿಂದೆ ಯಾವುದು

ಮೊದಲು ಕಂಪನಿಯ ಇಮೇಲ್, ಆಮೇಲೆ ಶಾಲೆಯ ಸೀಟು, ಆಮೇಲೆ ಮನೆ, ಕೊನೆಗೆ ಬೆಂಗಳೂರಿನ ಓನರಿಗೆ ನೋಟಿಸ್. ಹೆಚ್ಚಿನವರು ಉತ್ಸಾಹದಲ್ಲಿ ನೋಟಿಸನ್ನೇ ಮೊದಲು ಕೊಟ್ಟು, ದಿನ ಹತ್ತಿರ ಬಂದಾಗ ಸಿಕ್ಕಿದ ಮನೆಗೆ ನುಗ್ಗುತ್ತಾರೆ. ಬೆಂಗಳೂರಿನ ಅಡ್ವಾನ್ಸ್ ಕೈಗೆ ಬಂದಮೇಲೆ ಮೈಸೂರಿನ ಅಡ್ವಾನ್ಸ್ ಕೊಡೋಣ ಎಂದು ಕಾಯುವಂತಿಲ್ಲ. ಹಳೆಯ ಓನರ್ ಬೀಗದ ಕೈ ತೆಗೆದುಕೊಂಡ ಮೇಲೆಯೇ ಹಣ ಕೊಡುವುದು. ಮೈಸೂರಿನ ಅಡ್ವಾನ್ಸಿನ ಮೊತ್ತ ಬೇರೆಯೇ ಕೈಯಲ್ಲಿ ಇರಬೇಕು.

ಸಾಮಾನು ಸಾಗಿಸುವವರು ಮನೆಗೆ ಬಂದು ನೋಡಿ, ಮಹಡಿ, ಲಿಫ್ಟ್, ಎರಡೂ ಕಡೆಯ ಇಳಿಸುವ ಕೂಲಿ, ಟೋಲ್, ತೆರಿಗೆ ಎಲ್ಲ ಸೇರಿ ಒಂದೇ ಮೊತ್ತ ಬರೆದುಕೊಡಬೇಕು. ಫೋನಿನಲ್ಲಿ ಕಡಿಮೆ ಹೇಳಿ, ಸಾಮಾನು ಲಾರಿಗೆ ಏರಿದ ಮೇಲೆ ದುಪ್ಪಟ್ಟು ಕೇಳುವವರಿದ್ದಾರೆ. ಪೂರ್ತಿ ಹಣ ಮುಂಗಡ ಕೊಡಬೇಡಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಐಸು ಕರಗಿಸಿ, ಹೊಸ ಮನೆಯಲ್ಲಿ ನಿಲ್ಲಿಸಿ ನಾಲ್ಕು ಗಂಟೆಯಾದ ಮೇಲೆ ಹಾಕಿ. ಒಡವೆ, ಕಾಗದಪತ್ರ, ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲೇ ಇರಲಿ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕುವುದಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಹಿಂತಿರುಗಿಸಿ ಠೇವಣಿ ಪಡೆದು, ಅವರು ಕೊಡುವ ವೋಚರನ್ನು ಮೈಸೂರಿನ ಏಜೆನ್ಸಿಗೆ ತೋರಿಸಿ ಹೊಸ ಠೇವಣಿ ಕಟ್ಟಬೇಕು. ಇದಕ್ಕೆ ನಾಲ್ಕೈದು ದಿನ ಹಿಡಿಯುವುದರಿಂದ ಇಂಡಕ್ಷನ್ ಒಲೆಯೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಗೃಹಜ್ಯೋತಿ ಫಲಾನುಭವಿಗಳಾದರೆ ಹಳೆಯ ಮನೆಯ ಮೀಟರಿನಿಂದ ಆಧಾರ್ ಬಿಡಿಸಿ, ಹೊಸ ಮನೆಯ ಸೆಸ್ಕ್ (ಮೈಸೂರು ಭಾಗದ ವಿದ್ಯುತ್ ಕಂಪನಿ) ಮೀಟರಿಗೆ ಜೋಡಿಸಬೇಕು. ಬಿಡಿಸದೆ ಹೋದರೆ ಹೊಸ ಅರ್ಜಿ ಮುಂದಕ್ಕೆ ಹೋಗದು. ಮತದಾರರ ಪಟ್ಟಿಗೆ ನಮೂನೆ 8. ಗಾಡಿಯ ಆರ್.ಸಿ.ಯಲ್ಲಿ ವಿಳಾಸ ಬದಲಿಸಲು 30 ದಿನ, ರಾಜ್ಯದೊಳಗಾದ್ದರಿಂದ ರಸ್ತೆ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಹೈದರಾಬಾದಿಗೋ ಪುಣೆಗೋ ಹೊರಟವರಿಗೆ ಇದು ಬೇರೆ: ಆರ್.ಟಿ.ಒ.ದಿಂದ ಎನ್.ಒ.ಸಿ. ಪಡೆದು, 12 ತಿಂಗಳೊಳಗೆ ಅಲ್ಲಿ ಮರುನೋಂದಣಿ ಮಾಡಿಸಿ, ಅಲ್ಲಿನ ತೆರಿಗೆ ಕಟ್ಟಿ, ಆಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬೇಕು. ಹಳೆಯ ಕಾರಾದರೆ ಹೊರಡುವ ಮೊದಲು ಇಲ್ಲೇ ಮಾರುವುದು ಲಾಭವೋ ಎಂದು ಆ ತೆರಿಗೆಯ ಮೊತ್ತ ವಿಚಾರಿಸಿಕೊಂಡೇ ತೀರ್ಮಾನಿಸಿ.